ಯಾರ ವಿಶ್ರಾಂತಿಗಾಗಿ ಈ ಪ್ರವಾಸ?

ಪ್ರವಾಸದ ಮಾತು ಬಂದೊಡನೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ‘ಎಲ್ಲಿಗೆ?’ ಎಂಬುದು. ಅದರ ಬೆನ್ನಿಗೇ ‘ಖರ್ಚೆಷ್ಟು?’ ಎಂಬುದು ಬರುತ್ತದೆ. ‘ಯಾರಿಗಾಗಿ?’ ಎಂದು ಕೇಳುವವರು ವಿರಳ. ಈ ಮೂರನೆಯ ಪ್ರಶ್ನೆಯನ್ನು ಮೊದಲು ಕೇಳಿಕೊಂಡರೆ ಉಳಿದೆರಡಕ್ಕೂ ಉತ್ತರ ತಾನಾಗಿ ದೊರೆಯುತ್ತದೆ. ಜನವರಿಯಲ್ಲಿ ಹುಬ್ಬಳ್ಳಿಯಿಂದ ಕಾರವಾರಕ್ಕೆ ಮೂರು ದಿನಗಳ ಮಟ್ಟಿಗೆ ಹೋಗಿಬರಲು ನಮ್ಮ ಮನೆಯಲ್ಲಿ ನಡೆದಿರುವ ಸಿದ್ಧತೆ ನನಗೆ ಇದನ್ನು ಮನಗಾಣಿಸಿತು. ಹೊರಡಲು ಇನ್ನೂ ಹತ್ತು ದಿನಗಳಿವೆ. ಹೋಗಿಬಂದ ಕಥೆಗಿಂತ ಹೊರಡುವ ಮುನ್ನ ಆಡಿದ ಮಾತುಗಳೇ ಇತರ ಕುಟುಂಬಗಳಿಗೆ ಉಪಯುಕ್ತವಾಗಬಹುದೆಂದು ತೋರಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಅಮ್ಮಿ ಕಳೆದ ಮುಹರ್ರಮ್ ತಿಂಗಳಲ್ಲಿ ಅಲ್ಲಾಹನ ಕರೆಗೆ ಓಗೊಟ್ಟರು. ಅದಕ್ಕೆ ಮೊದಲು ಆರು ವರ್ಷ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದರು. ಬೆನ್ನಿನಲ್ಲಿ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಿತ್ತು. ಗಂಜಿಯನ್ನು ಚಮಚದಲ್ಲಿ ಕುಡಿಸಬೇಕಿತ್ತು. ಬಟ್ಟೆ, ಹಾಸಿಗೆ, ಔಷಧಿ, ವುಝೂ ಎಲ್ಲಕ್ಕೂ ಇನ್ನೊಬ್ಬರ ಕೈ ಬೇಕಿತ್ತು. ನಾನೂ ಮಗಳೂ ಜೊತೆಗೂಡುತ್ತಿದ್ದೆವು. ಆದರೆ ರಾತ್ರಿಯ ಹೊಣೆ ನನ್ನ ಪತ್ನಿಯದಾಗಿತ್ತು. ಕೊನೆಯ ಎರಡು ವರ್ಷ ಅಮ್ಮಿ ಬೇರೆ ಯಾರ ಕೈಯಿಂದಲೂ ನೀರು ಕುಡಿಯುತ್ತಿರಲಿಲ್ಲ. ಆರು ವರ್ಷಗಳಲ್ಲಿ ಅವಳು ತವರಿನಲ್ಲಿ ಒಂದು ರಾತ್ರಿಯೂ ತಂಗಲಿಲ್ಲ. ಸ್ವಂತ ತಂಗಿಯ ನಿಕಾಹ್‌ಗೆ ಹೋದವಳು ಊಟವಾದೊಡನೆ ಮರಳಿ ಬಂದಳು.

ಅಮ್ಮಿ ತೀರಿಕೊಂಡು ತಿಂಗಳುಗಳಾದರೂ ರಾತ್ರಿ ಎರಡು ಗಂಟೆಗೆ ಅವಳಿಗೆ ಎಚ್ಚರವಾಗುತ್ತದೆ. ಎದ್ದು ಆ ಕೋಣೆಯವರೆಗೆ ಹೋಗಿ, ಬರಿದಾದ ಮಂಚವನ್ನು ಕಂಡು ಹಿಂದಿರುಗುತ್ತಾಳೆ. ಕೈಕಾಲು ನೋವು, ತಲೆಸುತ್ತು, ಊಟ ಸೇರದಿರುವುದು ಮುಂದುವರಿದಾಗ ವೈದ್ಯರಲ್ಲಿಗೆ ಕರೆದೊಯ್ದೆ. ಪರೀಕ್ಷೆಗಳಲ್ಲಿ ಯಾವ ರೋಗವೂ ಕಾಣಲಿಲ್ಲ. ಆ ವೈದ್ಯೆಯು ನನ್ನ ಕಡೆಗೆ ತಿರುಗಿ, “ಇವರಿಗೆ ಮಾತ್ರೆಗಿಂತ ವಿಶ್ರಾಂತಿ ಬೇಕು. ಮನೆಯಲ್ಲಿಟ್ಟುಕೊಂಡು ವಿಶ್ರಾಂತಿ ಕೊಡುತ್ತೇನೆ ಎನ್ನಬೇಡಿ, ಅದು ಆಗುವ ಮಾತಲ್ಲ” ಎಂದರು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಅತ್ತೆಯ ಸೇವೆಯನ್ನು ಶರೀಅತ್ ಸೊಸೆಯ ಮೇಲೆ ಕಡ್ಡಾಯವಾಗಿ ಹೊರಿಸಿಲ್ಲ. ತಾಯಿಯ ಹಕ್ಕು ಇರುವುದು ಮಕ್ಕಳ ಮೇಲೆ. ಸೊಸೆ ಮಾಡುವುದು ಇಹ್ಸಾನ್, ಅಂದರೆ ಕರ್ತವ್ಯವನ್ನು ಮೀರಿದ ಒಳಿತು. ನನ್ನ ಪತ್ನಿ ಆರು ವರ್ಷ ಹೊತ್ತದ್ದು ನನ್ನ ಮೇಲಿದ್ದ ಋಣವನ್ನು. ಇಹ್ಸಾನಿಗೆ ಇಹ್ಸಾನಿನಿಂದಲೇ ಪ್ರತಿಫಲ ನೀಡಬೇಕೆಂಬುದನ್ನು ಸೂರಾ ಅರ್ರಹ್ಮಾನ್ ಓದುವ ನಾವೆಲ್ಲರೂ ಬಲ್ಲೆವು. ‘ಯಾರಿಗಾಗಿ?’ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಉತ್ತರ ಸಿಕ್ಕಿದ್ದು ಹೀಗೆ.

ಆದರೆ ಆ ಉತ್ತರವನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಮೊದಲ ಆಕ್ಷೇಪ ಅವಳದೇ: “ಅಮ್ಮಿ ಇಲ್ಲದ ಮನೆಗೆ ಬೀಗ ಹಾಕಿಕೊಂಡು ತಿರುಗಾಡಲು ಹೋಗುವುದೇ? ಜನ ಏನೆನ್ನುತ್ತಾರೆ?” ಜನ ಏನೆನ್ನುತ್ತಾರೆಂಬುದು ಮರುದಿನವೇ ತಿಳಿಯಿತು. ನಮ್ಮ ಹಿರಿಯ ಚಾಚಾ ಬಂದು, “ವರ್ಷ ತುಂಬುವವರೆಗಾದರೂ ತಡೆಯಬಾರದೇ?” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಅತ್ತಿಗೆಯನ್ನು ಕಳೆದುಕೊಂಡ ದುಃಖವಿತ್ತು.

ಪತಿಯನ್ನು ಕಳೆದುಕೊಂಡ ಸ್ತ್ರೀಗೆ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ಇದೆ. ಉಳಿದ ಬಂಧುಗಳಿಗೆ ಶೋಕಾಚರಣೆಯ ಮಿತಿ ಮೂರು ದಿನವೆಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಹೃದಯದ ನೋವಿಗೆ ಗಡುವಿಲ್ಲ. ಆದರೆ ಆ ನೋವಿನ ಹೆಸರಿನಲ್ಲಿ ಬದುಕನ್ನು ತಡೆದು ನಿಲ್ಲಿಸಲು ಧರ್ಮವು ಅನುಮತಿಸಿಲ್ಲ. ‘ವರ್ಷ ತುಂಬಲಿ’ ಎಂಬುದು ನಮ್ಮ ರೂಢಿಯೇ ಹೊರತು ದೀನ್‌ನ ನಿಯಮವಲ್ಲ. ಇದನ್ನೆಲ್ಲ ಚಾಚಾರ ಮುಂದೆ ವಾದವಾಗಿ ಮಂಡಿಸಲು ನನಗೆ ಮನಸ್ಸಾಗಲಿಲ್ಲ. ಅವರ ಸೊಸೆ ಆರು ವರ್ಷಗಳಲ್ಲಿ ಒಂದು ರಾತ್ರಿಯೂ ಪೂರ್ಣವಾಗಿ ನಿದ್ರಿಸಿಲ್ಲವೆಂಬುದನ್ನೂ ವೈದ್ಯೆಯ ಮಾತನ್ನೂ ಮಾತ್ರ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹೋಗುವಾಗ ಮನೆಯ ಕೀಲಿ ನನ್ನ ಕೈಗೆ ಕೊಟ್ಟು ಹೋಗಿ” ಎಂದರು. ಕೀಲಿಯ ಮಾತು ಬಂದಾಗಲೇ ನಮಗೆ ನೆನಪಾದದ್ದು, ಆರು ವರ್ಷಗಳಿಂದ ಈ ಮನೆಗೆ ಹೊರಗಿನಿಂದ ಬೀಗ ಬಿದ್ದೇ ಇಲ್ಲವೆಂದು. ಹಳೆಯ ಬೀಗ ತುಕ್ಕು ಹಿಡಿದಿತ್ತು. ಪ್ರವಾಸದ ಲೆಕ್ಕದಲ್ಲಿ ಮೊದಲ ಖರ್ಚು ಹೊಸ ಬೀಗದ್ದು.

ಕಾರವಾರವೇ ಏಕೆ? ಅವಳು ಹುಟ್ಟಿ ಬೆಳೆದದ್ದು ಗದಗದ ಬಯಲಿನಲ್ಲಿ; ಸಮುದ್ರವನ್ನು ಕಂಡಿಲ್ಲ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲು ಘಟ್ಟ, ಅಂಕೋಲೆಯ ಮಾರ್ಗವಾಗಿ ಸುಮಾರು 165 ಕಿಲೋಮೀಟರ್. ಬೆಳಿಗ್ಗೆ ಬಸ್ ಹತ್ತಿದರೆ ಝುಹರ್ ವೇಳೆಗೆ ತಲುಪಬಹುದು. ಉತ್ತರ ಕನ್ನಡದ ಜಿಲ್ಲಾಕೇಂದ್ರವಾದರೂ 2011ರ ಜನಗಣತಿಯಲ್ಲಿ ಅದರ ಜನಸಂಖ್ಯೆ 80 ಸಾವಿರವನ್ನೂ ಮುಟ್ಟಿರಲಿಲ್ಲ. ಪೂರ್ವದಲ್ಲಿ ಸಹ್ಯಾದ್ರಿಯು ಊರಿನ ಬೆನ್ನಿಗೇ ಬಂದು ನಿಂತಿದೆ, ಪಶ್ಚಿಮದಲ್ಲಿ ಕಡಲು, ಉತ್ತರದಲ್ಲಿ ಕಾಳಿ ನದಿಯ ಸಂಗಮ. ಲಾಡ್ಜ್‌ನಿಂದ ತೀರಕ್ಕೆ ನಡೆದೇ ಹೋಗಬಹುದಾದಷ್ಟು ಚಿಕ್ಕ ಊರು ಅದು. ದಣಿದವರಿಗೆ ಇಂತಹ ಊರೇ ಹಿತ.

ಕಾಲವನ್ನು ಆರಿಸುವಾಗ ಘಟ್ಟ ಮತ್ತು ಕಡಲಿನ ನಡುವೆ ಇರುವ ಊರಿನ ಸ್ವಭಾವವನ್ನು ಅರಿತಿರಬೇಕು. ಅಲ್ಲಿ ರಸ್ತೆಗೆ ದೊರೆತಿರುವುದು ಕಿರಿದಾದ ಅಂಚು ಮಾತ್ರ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿದ್ದು, ಮಣ್ಣು ಗಂಗಾವಳಿ ನದಿಯವರೆಗೂ ಜರಿದು, ಹಲವರು ಪ್ರಾಣ ಕಳೆದುಕೊಂಡರು. ಮೂರು ವಾರ ಕಳೆದು ಆಗಸ್ಟ್ 7ರ ನಸುಕಿನಲ್ಲಿ ಕಾರವಾರವನ್ನು ಸದಾಶಿವಗಡಕ್ಕೆ ಜೋಡಿಸುತ್ತಿದ್ದ ಕಾಳಿ ನದಿಯ ಹಳೆಯ ಸೇತುವೆಯೇ ಕುಸಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಟುಂಬದೊಂದಿಗೆ ಆ ಕಡೆ ಹೊರಡದಿರುವುದು ಲೇಸು. ತವಕ್ಕುಲ್ ಎಂದರೆ ಒಂಟೆಯನ್ನು ಕಟ್ಟಿಹಾಕಿ ಅನಂತರ ಅಲ್ಲಾಹನ ಮೇಲೆ ಭರವಸೆ ಇಡುವುದು ಎಂಬ ಪ್ರವಾದಿ(ಸ) ಬೋಧನೆಯು ಘಟ್ಟದ ದಾರಿಗೂ ಅನ್ವಯಿಸುತ್ತದೆ. ಮಳೆ ನಿಂತ ಬಳಿಕ, ರಮಝಾನ್ ಸಿದ್ಧತೆ ಆರಂಭವಾಗುವ ಮುನ್ನ, ಜನವರಿಯ ಒಂದು ಭಾನುವಾರದಿಂದ ಮಂಗಳವಾರದವರೆಗೆ ಎಂದು ನಿಶ್ಚಯಿಸಿದೆವು. ವಾರದ ನಡುವಿನ ದಿನಗಳಲ್ಲಿ ಜನಸಂದಣಿ ಕಡಿಮೆ. ಶಾಲೆಯಲ್ಲಿ ನಾನು ಎರಡು ದಿನ ರಜೆ ಪಡೆದಿದ್ದೇನೆ.

ಇನ್ನು ಖರ್ಚಿನ ವಿಷಯ. ನನ್ನ ತಮ್ಮ ಲೆಕ್ಕದಲ್ಲಿ ನಿಪುಣ. ಅವನು ಒಂದು ಸಲಹೆ ಕೊಟ್ಟನು: “ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ ಭಾಯ್. ಅಕ್ಕಿ, ಎಣ್ಣೆ, ಮಸಾಲೆ ಇಲ್ಲಿಂದಲೇ ಒಯ್ಯಿರಿ. ಅಲ್ಲಿ ಮೀನು ತಂದರಾಯಿತು. ಅರ್ಧ ಹಣ ಉಳಿಯುತ್ತದೆ.” ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಮೀನನ್ನು ಕತ್ತರಿಸಿ, ತೊಳೆದು, ಬೇಯಿಸಿ, ಬಡಿಸಿ, ಪಾತ್ರೆ ಬೆಳಗುವವರು ಯಾರು? ಹುಬ್ಬಳ್ಳಿಯ ಅಡುಗೆಮನೆಯನ್ನು ಘಟ್ಟ ಇಳಿಸಿ ಕಾರವಾರದಲ್ಲಿ ತೆರೆದಂತಾಗುತ್ತದೆ, ಅಷ್ಟೆ. ನಮ್ಮ ಅನೇಕ ಪ್ರವಾಸಗಳು ಹೀಗೆಯೇ ನಡೆಯುತ್ತವೆ. ಮಾವನ ಮನೆಗೋ ಮದುವೆಗೋ ತೋಟದ ಊಟಕ್ಕೋ ಹೋದಾಗ ಪುರುಷರು ಜಗಲಿಯಲ್ಲಿ ಕುಳಿತು ಹರಟುತ್ತಾರೆ; ಸ್ತ್ರೀಯರು ಪರಿಚಯವಿಲ್ಲದ ಒಲೆಯ ಮುಂದೆ ನಿಂತಿರುತ್ತಾರೆ. ಹಿಂದಿರುಗುವಾಗ ಎಲ್ಲರೂ ‘ಒಳ್ಳೆಯ ವಿಶ್ರಾಂತಿಯಾಯಿತು’ ಎನ್ನುತ್ತಾರೆ.

ಆದುದರಿಂದ ಸ್ಟೌವ್ ಒಯ್ಯುವುದಿಲ್ಲವೆಂದು ತೀರ್ಮಾನಿಸಿದೆವು. ಹಣವನ್ನು ಬೇರೆ ಕಡೆ ಉಳಿಸಬೇಕಾಯಿತು. ರಾಜ್ಯದಲ್ಲಿ 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಂತೆ ಸಾಮಾನ್ಯ ಮತ್ತು ವೇಗದೂತ ಸರಕಾರಿ ಬಸ್ಸುಗಳಲ್ಲಿ ಪತ್ನಿಗೂ ಮಗಳಿಗೂ ಟಿಕೆಟ್ಟಿನ ಖರ್ಚಿಲ್ಲ. ಗುರುತಿನ ಚೀಟಿ ಜೊತೆಗಿದ್ದರೆ ಸಾಕು. ನನಗೆ ಪೂರ್ತಿ ಟಿಕೆಟ್, ಐದನೆಯ ತರಗತಿಯ ಮಗನಿಗೆ ಅರ್ಧ. ಬಸ್ಸು ಮತ್ತು ಆಟೋಗೆ 1,200 ರೂಪಾಯಿ, ಎರಡು ರಾತ್ರಿಯ ಕೋಣೆಗೆ 3,000, ಊಟ ತಿಂಡಿಗೆ 4,000, ಕೈಯಲ್ಲಿ 800. ಒಟ್ಟು 9,000 ರೂಪಾಯಿ. ಶಿಕ್ಷಕನ ಮನೆಗೆ ಇದು ಸಣ್ಣ ಮೊತ್ತವಲ್ಲ. ನಾಲ್ಕು ತಿಂಗಳು ಸ್ವಲ್ಪ ಸ್ವಲ್ಪವಾಗಿ ಎತ್ತಿಟ್ಟ ಹಣವಿದು. ಸಾಲ ಮಾಡಿ ಪ್ರವಾಸ ಹೋಗುವುದನ್ನು ಮಾತ್ರ ಯಾರಿಗೂ ಸೂಚಿಸಲಾರೆ.

ಊಟದ ಚಿಂತೆಯೂ ಅಲ್ಲಿ ಕಡಿಮೆ. ಮೀನಿಗೆ ಝಬಹ್‌ನ ಪ್ರಶ್ನೆಯೇ ಇಲ್ಲ. ಬಂಗುಡೆ, ಇಸವಾಣ ಸಿಗುವ ನಾಡಿನಲ್ಲಿ ಮೀನೂಟವಿದ್ದರೆ ಸಾಕು. ಏಡಿಯ ವಿಷಯದಲ್ಲಿ ಮಾತ್ರ ನಮ್ಮ ಮಗ ಈಗಾಗಲೇ ಚರ್ಚೆ ಆರಂಭಿಸಿದ್ದಾನೆ. ಹನಫಿಗಳಾದ ನಮಗೆ ಅದು ಸಲ್ಲದು, ಶಾಫಿಈಗಳಲ್ಲಿ ಸಲ್ಲುತ್ತದೆ ಎನ್ನುವವರಿದ್ದಾರೆ ಎಂದು ತಿಳಿಸಿದಾಗ, “ಮೂರು ದಿನಕ್ಕೆ ಶಾಫಿಈ ಆಗಬಹುದೇ ಅಬ್ಬಾ?” ಎಂದು ಕೇಳಿದನು. ಅವನ ತಾಯಿ ಎಷ್ಟೋ ದಿನಗಳ ನಂತರ ಬಾಯ್ತುಂಬ ನಕ್ಕಳು.

ಈ ಭೇದವು ನಮಾಝಿನ ವೇಳೆಗೂ ಸಂಬಂಧಿಸಿದೆ. ಕರಾವಳಿಯ ಅನೇಕ ಮಸೀದಿಗಳಲ್ಲಿ ಶಾಫಿಈ ಮದ್‌ಹಬ್‌ನಂತೆ ಅಸರ್‌ನ ಅಝಾನ್ ನಮ್ಮ ಕಡೆಗಿಂತ ಬೇಗ ಆಗುತ್ತದೆ. ಗಡಿಯಾರ ತಪ್ಪಿದೆಯೆಂದು ಗಾಬರಿಯಾಗಬೇಕಿಲ್ಲ. ಇಷ್ಟು ದೂರ ಹೋದವರು ಮುಸಾಫಿರ್ ಆಗುವುದರಿಂದ ನಾಲ್ಕು ರಕಅತ್‌ಗಳ ಫರ್ಝ್ ನಮಾಝ್‌ಗಳು ಎರಡಾಗುತ್ತವೆ; ಸ್ಥಳೀಯ ಇಮಾಮರ ಹಿಂದೆ ನಿಂತರೆ ನಾಲ್ಕನ್ನೂ ಪೂರ್ಣಗೊಳಿಸಬೇಕು. ಫಜ್ರ್ ಮತ್ತು ಮಗ್ರಿಬ್‌ನಲ್ಲಿ ಬದಲಾವಣೆಯಿಲ್ಲ. ಕಿಬ್ಲಾ ತಿಳಿಯಲು ಕಷ್ಟವಿಲ್ಲ. ಕಾರವಾರದ ತೀರದಲ್ಲಿ ಪಶ್ಚಿಮಕ್ಕೆ ಮುಖ ಮಾಡಿ, ತುಸು ಬಲಕ್ಕೆ ತಿರುಗಿ ನಿಂತರೆ ಅದೇ ಕಿಬ್ಲಾ. ನಡುವೆ ಇರುವುದು ಅರಬ್ಬೀ ಸಮುದ್ರ.

ನಮಾಝ್ ದೀನ್‌ನ ಆಧಾರಸ್ತಂಭ. ಅದನ್ನೇ ಸೃಷ್ಟಿಕರ್ತನು ಪ್ರಯಾಣಿಕನಿಗಾಗಿ ಹಗುರಗೊಳಿಸಿದ್ದಾನೆ. ತನ್ನ ಹಕ್ಕನ್ನೇ ಅವನು ಅರ್ಧಕ್ಕೆ ಇಳಿಸಿರುವಾಗ, ಪ್ರಯಾಣದಲ್ಲಿಯೂ ಚಹಾ, ಇಸ್ತ್ರಿ, ಊಟವೆಂದು ಮನೆಯಾಕೆಯಿಂದ ಪೂರ್ಣ ಸೇವೆಯನ್ನು ನಿರೀಕ್ಷಿಸಲು ನಮಗೆ ಯಾವ ಅಧಿಕಾರವಿದೆ?

ಪ್ರವಾದಿವರ್ಯರ(ಸ) ಪ್ರಯಾಣಗಳನ್ನು ಗಮನಿಸಿರಿ. ಅನ್ಜಶ ಎಂಬವರು ಹಾಡುತ್ತ ಒಂಟೆಗಳನ್ನು ವೇಗವಾಗಿ ನಡೆಸುತ್ತಿದ್ದಾಗ, ಅವುಗಳ ಮೇಲೆ ಸ್ತ್ರೀಯರು ಕುಳಿತಿದ್ದುದನ್ನು ಕಂಡು, ಅವರನ್ನು ಗಾಜಿನ ಪಾತ್ರೆಗಳಿಗೆ ಹೋಲಿಸಿ, ಮೆಲ್ಲನೆ ನಡೆಸುವಂತೆ ಸೂಚಿಸಿದರು. ಇನ್ನೊಂದು ಪ್ರಯಾಣದಲ್ಲಿ ಆಯಿಶಾ(ರ)ರ ಕೊರಳ ಹಾರ ಕಳೆದುಹೋದಾಗ, ನೀರಿಲ್ಲದ ಸ್ಥಳದಲ್ಲಿ ಇಡೀ ತಂಡವೇ ತಂಗಿತು. ಜನರು ಬೇಸರಗೊಂಡರು, ತಂದೆ ಅಬೂಬಕರ್(ರ) ಮಗಳನ್ನು ಗದರಿದರು. ಪ್ರವಾದಿವರ್ಯರು(ಸ) ಮಾತ್ರ ಗದರಲಿಲ್ಲ. ತಯಮ್ಮುಮ್‌ನ ಸೂಕ್ತ ಅವತೀರ್ಣವಾದದ್ದು ಆ ತಂಗುದಾಣದಲ್ಲಿಯೇ. ಒಬ್ಬ ಸ್ತ್ರೀಯ ಸಲುವಾಗಿ ನಿಂತ ಆ ಪ್ರಯಾಣದ ಸೌಲಭ್ಯವನ್ನು ಮುಸ್ಲಿಮ್ ಸಮುದಾಯವು ಇಂದಿಗೂ ಅನುಭವಿಸುತ್ತಿದೆ.

ಮೂವರು ಪ್ರಯಾಣ ಹೊರಟರೆ ಒಬ್ಬರನ್ನು ಅಮೀರ್ ಆಗಿ ಆರಿಸಿಕೊಳ್ಳಬೇಕೆಂಬ ಬೋಧನೆಯೂ ಹದೀಸ್‌ನಲ್ಲಿದೆ. ಊರು ಮುಟ್ಟಿದ ಮೇಲೆ ಏನು ನೋಡಬೇಕು, ಎಷ್ಟು ನಡೆಯಬೇಕು ಎಂಬ ತೀರ್ಮಾನವನ್ನು ಅವಳಿಗೇ ಬಿಟ್ಟೆವು. “ಈ ಮೂರು ದಿನ ನಿನ್ನ ಮಾತೇ ನಡೆಯಲಿ” ಎಂದಾಗ ಅವಳು ನಂಬಲಿಲ್ಲ. ನಾನು ಬರೆದಿಟ್ಟಿದ್ದ ಪಟ್ಟಿಯನ್ನು ಕೈಗೆ ಕೊಟ್ಟೆ. ಅದರಲ್ಲಿ ಸದಾಶಿವಗಡದ ಗುಡ್ಡವಿತ್ತು. ತೀರದಲ್ಲಿ ನಿಲ್ಲಿಸಿರುವ ನೌಕಾಪಡೆಯ ‘ಚಪಲ್’ ಯುದ್ಧನೌಕೆಯ ವಸ್ತುಸಂಗ್ರಹಾಲಯವಿತ್ತು. ಅದು ಮಗನ ಆಸೆ. 1880ರ ದಶಕದ ಆರಂಭದಲ್ಲಿ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದು ತಂಗಿದ್ದ ರವೀಂದ್ರನಾಥ ಟಾಗೋರರ ಹೆಸರಿನ ಕಡಲತೀರವಿತ್ತು. ಹೊನ್ನಾವರವೂ ಇತ್ತು.

ಹೊನ್ನಾವರ ನನ್ನ ಬಹುಕಾಲದ ಬಯಕೆ. ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಇಬ್ನ್ ಬತೂತಾ ಆ ಊರಿನಲ್ಲಿ ಬಾಲಕಿಯರಿಗಾಗಿ 13 ಮತ್ತು ಬಾಲಕರಿಗಾಗಿ 23 ಶಾಲೆಗಳನ್ನು ಕಂಡುದಾಗಿಯೂ ಅಲ್ಲಿನ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದವರೆಂದೂ ದಾಖಲಿಸಿದ್ದಾರೆ. ಮದ್ರಸಾದಲ್ಲಿ ಕಲಿತು ಅಧ್ಯಾಪಕನಾದ ನನಗೆ ಆ ನೆಲದ ಮೇಲೆ ಒಮ್ಮೆ ನಿಲ್ಲಬೇಕೆಂಬ ಆಸೆ. ಆದರೆ ಅದು ಕಾರವಾರದಿಂದ ಸುಮಾರು 90 ಕಿಲೋಮೀಟರ್. ಹೋಗಿಬರಲು ಒಂದು ದಿನವೇ ಬೇಕು. ಅವಳು ಪಟ್ಟಿಯನ್ನು ಓದಿ, ಯಾವುದನ್ನೂ ಹೊಡೆದುಹಾಕದೆ, ನನ್ನ ಮುಖ ನೋಡಿದಳು. ಹೊನ್ನಾವರದ ಮೇಲೆ ನಾನೇ ಗೆರೆ ಎಳೆದೆ. ಆ ಊರು ಏಳು ಶತಮಾನ ಅಲ್ಲಿಯೇ ಇದೆ, ಇನ್ನೊಂದು ವರ್ಷವೂ ಇರುತ್ತದೆ. ಚಿಕ್ಕ ಪ್ರವಾಸದಲ್ಲಿ ಬಿಡುವುದನ್ನು ಕಲಿಯದಿದ್ದರೆ ದೊಡ್ಡ ದಣಿವನ್ನು ಹೊತ್ತು ಮನೆಗೆ ಬರಬೇಕಾಗುತ್ತದೆ.

ಆಮೇಲೆ ಅವಳು ಪೆನ್ನು ತೆಗೆದುಕೊಂಡು ತನ್ನ ಮೂರು ಸಾಲುಗಳನ್ನು ಸೇರಿಸಿದಳು. ಒಂದು ದಿನ ಫಜ್ರ್ ನಮಾಝಿನ ಬಳಿಕ ತಾನಾಗಿ ಏಳುವವರೆಗೆ ಯಾರೂ ಎಬ್ಬಿಸಬಾರದು. ಒಂದು ಸಂಜೆ ಅಸರ್‌ನಿಂದ ಮಗ್ರಿಬ್‌ವರೆಗೆ ಕಡಲಿನೆದುರು ಒಬ್ಬಳೇ ಕುಳಿತಿರಬೇಕು, ಮಕ್ಕಳು ತಂದೆಯ ಬಳಿ ಇರಬೇಕು. ಬರುವಾಗ ಪಕ್ಕದ ಮನೆಯ ಅಜ್ಜಿಗೆ ಗೇರುಬೀಜ ಮತ್ತು ಒಣಗಿಸಿದ ಮುರುಗಲು ಸಿಪ್ಪೆ ತರಬೇಕು. ಈ ಅಜ್ಜಿ ಲಿಂಗಾಯತ ಮನೆಯವರು. ಆರು ವರ್ಷ ಪ್ರತಿ ಮಧ್ಯಾಹ್ನ ಅರ್ಧ ಗಂಟೆ ಅಮ್ಮಿಯ ಬಳಿ ಕುಳಿತು, ಇವಳಿಗೆ ಸ್ನಾನ ಮಾಡಿ ಊಟ ಮುಗಿಸಲು ಬಿಡುವು ಕೊಟ್ಟವರು. ತನ್ನ ವಿಶ್ರಾಂತಿಯ ಪಟ್ಟಿಯಲ್ಲಿಯೂ ಅವಳು ಇನ್ನೊಬ್ಬರ ಋಣವನ್ನು ಮರೆಯಲಿಲ್ಲ.

ಉಳಿದ ಸಿದ್ಧತೆಗಳು ಸರಳ. ಘಟ್ಟದ ತಿರುವುಗಳಲ್ಲಿ ಮಗಳಿಗೆ ವಾಕರಿಕೆ ಬರುವುದರಿಂದ ಮುಂದಿನ ಸೀಟು, ಒಂದೆರಡು ನಿಂಬೆಹಣ್ಣು. ಮಕ್ಕಳು ಅಲೆಯಲ್ಲಿ ಪಾದ ತೋಯಿಸಬಹುದು. ಮೊಣಕಾಲಿನಾಚೆ ಹೋಗುವಂತಿಲ್ಲ, ತೀರದ ಕಾವಲುಗಾರರ ಮಾತನ್ನು ಮೀರುವಂತಿಲ್ಲ. ಬ್ಯಾಗುಗಳನ್ನು ಹೊರುವುದು ನಾನು ಮತ್ತು ಮಗ. ನೌಕಾನೆಲೆಯ ಬಳಿ ಮೊಬೈಲ್ ತೆಗೆದು ಚಿತ್ರ ತೆಗೆಯಬಾರದೆಂದು ಇಬ್ಬರಿಗೂ ತಿಳಿಸಿದ್ದೇನೆ. ಆ ನೆಲೆಗಾಗಿ ಅರ್ಗಾ, ಬಿಣಗಾ ಮೊದಲಾದ ಕಡೆಗಳ ಸಾವಿರಾರು ಕುಟುಂಬಗಳು ಮನೆ, ಜಮೀನು, ಮೀನುಗಾರಿಕೆಯ ತೀರವನ್ನು ಬಿಟ್ಟುಕೊಟ್ಟ ಸಂಗತಿಯನ್ನೂ ಹೇಳಿದ್ದೇನೆ. ಮೂರು ದಿನ ಕಡಲನ್ನು ನೋಡಿ ಬರುವವರು, ಆ ಕಡಲಿನ ತೀರವನ್ನು ತೊರೆಯಬೇಕಾದವರನ್ನೂ ಅರಿತಿರುವುದು ಒಳ್ಳೆಯದು. ಬಸ್ ಹತ್ತಿದೊಡನೆ ಪ್ರಯಾಣದ ದುಆ ಓದಿಸುವ ಹೊಣೆ ಮಗಳದು.

ಸಹೋದರರೇ, ನಿಮ್ಮ ಮನೆಯಲ್ಲಿಯೂ ರಜೆಯ ಮಾತು ನಡೆಯುತ್ತಿರಬಹುದು. ಊರು ಕಾರವಾರವೇ ಆಗಬೇಕೆಂದಿಲ್ಲ, ಹಣವಿಲ್ಲದಿದ್ದರೆ ಹತ್ತಿರದ ಕೆರೆಯ ದಂಡೆಯೂ ಸಾಕು. ಹೊರಡುವ ಮುನ್ನ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದಣಿದವರು ಯಾರೆಂದು ನೋಡಿರಿ. ಹೆಚ್ಚಾಗಿ ಅವರು ‘ನನಗೇನೂ ಬೇಡ, ನೀವು ಹೋಗಿಬನ್ನಿ’ ಎನ್ನುವವರೇ ಆಗಿರುತ್ತಾರೆ. ಪಟ್ಟಿ ಮತ್ತು ಪೆನ್ನನ್ನು ಅವರ ಕೈಗೆ ಕೊಟ್ಟು, ಅವರು ಬರೆಯುವವರೆಗೆ ಕಾಯಿರಿ.

ಅಲ್ಲಾಹನು ನಮ್ಮ ಅಮ್ಮಿಯ ಖಬರನ್ನು ವಿಶಾಲಗೊಳಿಸಲಿ. ರೋಗಿಗಳ ಹಾಸಿಗೆಯ ಪಕ್ಕದಲ್ಲಿ ರಾತ್ರಿಗಳನ್ನು ಕಳೆಯುತ್ತಿರುವ ಪ್ರತಿಯೊಬ್ಬರಿಗೂ ಉತ್ತಮ ಪ್ರತಿಫಲವನ್ನೂ ನೆಮ್ಮದಿಯ ನಿದ್ರೆಯನ್ನೂ ಅನುಗ್ರಹಿಸಲಿ. ಆಮೀನ್.